ಡಿಸ್‌ಪ್ಲೇಸ್‌ಮೆಂಟ್ ಹಲ್ ಬೋರ್ಡ್‌ನಲ್ಲಿ ಫಿನ್ ಅನ್ನು ಎಷ್ಟು ಮುಂದಕ್ಕೆ ಸರಿಸಬೇಕು?

ಕಲ್ಪತರುನಾಡು, ಕುಣಿಗಲ್ – ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಸಮುದ್ರವೇ ಇಲ್ಲದ ತುಮಕೂರು ಜಿಲ್ಲೆಯಿಂದ ಸರ್ಫ್‌ಬೋರ್ಡ್ ಕುರಿತು ಕೇಳುತ್ತಿದ್ದಾನಲ್ಲ ಎಂದು ಯಾರಾದರೂ ನಕ್ಕರೆ ನನಗೆ ಬೇಸರವಿಲ್ಲ. ಕುಣಿಗಲ್ ಮೇಲೆ ಹೋಗುವ ರಾಷ್ಟ್ರೀಯ ಹೆದ್ದಾರಿ 75 ಹಿಡಿದರೆ ಹಾಸನ, ಸಕಲೇಶಪುರ, ಶಿರಾಡಿ ಘಾಟಿ ದಾಟಿ ಸೀದಾ ಮಂಗಳೂರಿಗೆ ಇಳಿಯಬಹುದು. ಅಲ್ಲಿಂದ ಸಸಿಹಿತ್ಲು, ಮೂಲ್ಕಿ ದೂರವೇನಲ್ಲ. ರಜೆ ಕೂಡಿಬಂದಾಗಲೆಲ್ಲ ಅಲ್ಲಿಗೆ ಹೋಗಿ ಬರುವುದು ನನ್ನ ಅಭ್ಯಾಸ.

ಬೆಂಗಳೂರು ಬಿಟ್ಟು ತಮ್ಮ ಊರಿಗೆ ಮರಳುತ್ತಿದ್ದ ಒಬ್ಬರಿಂದ 7 ಅಡಿ 2 ಇಂಚಿನ ಡಿಸ್‌ಪ್ಲೇಸ್‌ಮೆಂಟ್ ಹಲ್ ಬೋರ್ಡ್ ಒಂದನ್ನು ಕೊಂಡಿದ್ದೇನೆ. ಇದರ ತಳ ಚಪ್ಪಟೆಯಾಗಿಲ್ಲ. ನೋಸ್‌ನಿಂದ, ಅಂದರೆ ಮುಂತುದಿಯಿಂದ ಹಿಡಿದು, ತಳದ ಹಿಂಭಾಗದಲ್ಲಿ ರೆಕ್ಕೆಯಂತೆ ನಿಲ್ಲುವ ಫಿನ್‌ನ ಹತ್ತಿರದವರೆಗೂ ಹೊರಕ್ಕೆ ಉಬ್ಬಿಕೊಂಡಿದೆ. ರೇಲ್‌ಗಳು, ಅಂದರೆ ಎರಡು ಬದಿಯ ಅಂಚುಗಳು, ನಾನು ಇದುವರೆಗೆ ಬಳಸಿದ ಬೋರ್ಡ್‌ಗಳಿಗಿಂತ ಬಹಳ ತೆಳುವಾಗಿವೆ, ಮತ್ತು ಅತಿ ಅಗಲವಾದ ಭಾಗ ನಡುವಿಗಿಂತ ಮುಂದಕ್ಕಿದೆ. ಇರುವುದು ಒಂದೇ ಫಿನ್: 9.5 ಇಂಚು ಎತ್ತರದ, ತುದಿಯನ್ನು ಬೆರಳಿನಿಂದ ಒತ್ತಿದರೆ ಬಾಗುವ ಫೈಬರ್‌ಗ್ಲಾಸ್ ಫಿನ್. ಫಿನ್ ಬಾಕ್ಸ್, ಅಂದರೆ ತಳದಲ್ಲಿ ಫಿನ್ ಕೂರಿಸುವ ಉದ್ದನೆಯ ತೋಡು, 10.5 ಇಂಚಿನದು. ಕೊಟ್ಟವರು ಫಿನ್ ಅನ್ನು ಬಾಕ್ಸ್‌ನ ಹಿಂಬದಿಗೆ ತಳ್ಳಿ ಬಿಗಿದಿದ್ದರು. ಅದು ಈಗಲೂ ಅಲ್ಲೇ ಇದೆ.

ತೊಂದರೆ ಏನೆಂದರೆ, ಅಲೆ ಹಿಡಿದು ಅಡ್ಡಕ್ಕೆ ಸಾಗುವಾಗ ಬೋರ್ಡ್ ಬಹಳ ಚೆನ್ನಾಗಿ ಓಡುತ್ತದೆ, ಆದರೆ ತಿರುಗಿಸಲು ಒಂದು ಬದಿಗೆ ವಾಲಿದರೆ ಅದು ನನ್ನ ಮಾತು ಕೇಳದೆ ಹೋದ ದಾರಿಯಲ್ಲೇ ಹೋಗುತ್ತದೆ, ಇನ್ನೂ ಒತ್ತಿದರೆ ಮುಂದಿನ ರೇಲ್ ನೀರಿನಲ್ಲಿ ಸಿಕ್ಕಿಕೊಂಡು ನನ್ನನ್ನು ಎಸೆಯುತ್ತದೆ. ಹಾಗಲ್ಲ ಎಂದು ಹಿಂದಿನ ಕಾಲಿಗೆ ಭಾರ ಹಾಕಿದರೆ ವೇಗವೇ ಸತ್ತುಹೋಗುತ್ತದೆ.

ಫಿನ್ ಅನ್ನು ಮುಂದಕ್ಕೆ ಸರಿಸಿದರೆ ಬೋರ್ಡ್ ಸಡಿಲವಾಗಿ ತಿರುಗುತ್ತದೆ ಎಂದು ಕೇಳಿ ಬಲ್ಲೆ. ಎಷ್ಟು ಸರಿಸಬೇಕು, ಎಲ್ಲಿಂದ ಎಲ್ಲಿಗೆ ಅಳೆಯಬೇಕು, ಒಂದು ಸಲಕ್ಕೆ ಎಷ್ಟೆಷ್ಟು ಸರಿಸುತ್ತಾ ಹೋಗಬೇಕು ಎಂಬುದನ್ನು ಬಲ್ಲವರು ತಿಳಿಸಬೇಕು. ಜೊತೆಗೆ ಇನ್ನೆರಡು ಸಣ್ಣ ಪ್ರಶ್ನೆಗಳಿವೆ. ಫಿನ್ ಹಿಡಿದಿರುವ ಸ್ಕ್ರೂವಿನ ತಲೆ ಸವೆದಿದೆ. ನಮ್ಮ ಹಾರ್ಡ್‌ವೇರ್ ಅಂಗಡಿಯ ಎಂ4 ಸ್ಕ್ರೂ ಒಂದೆರಡು ಸುತ್ತು ಹೋಗಿ ಬಿಗಿಯಾಗಿಬಿಡುತ್ತದೆ. ಇನ್ನೊಂದು, ಫಿನ್‌ನ ತುದಿಯನ್ನು ಸ್ವಲ್ಪ ಉಜ್ಜಿ ತೆಳು ಮಾಡಿದರೆ ತಿರುವಿಗೆ ಅನುಕೂಲವೇ? ಮಾರ್ಕೋನಹಳ್ಳಿಯ ಹಿನ್ನೀರಿನಂಥ ನಿಂತ ನೀರಿನಲ್ಲಿ ಕೈಯಿಂದ ಹುಟ್ಟು ಹಾಕಿ ಇದನ್ನೆಲ್ಲ ಪರೀಕ್ಷಿಸಬಹುದೇ ಎಂದು ಗೆಳೆಯರೊಬ್ಬರು ಕೇಳಿದ್ದಾರೆ, ಅದಕ್ಕೂ ಉತ್ತರ ಸಿಕ್ಕರೆ ಒಳ್ಳೆಯದು.

ಚಿನ್ನದನಾಡು, ಕೋಲಾರ – ಉತ್ತರ

ಕುಣಿಗಲ್‌ನವರೇ, ನೀವು ಅದೇ 75ನೇ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೋಗುತ್ತೀರಿ, ನಾನು ಅದೇ ರಸ್ತೆಯಲ್ಲಿ ಮುಳಬಾಗಿಲು ಕಡೆಯಿಂದ ಪೂರ್ವಕ್ಕೆ ಹೊರಟು ಚೆನ್ನೈ ಬಳಿಯ ಕೋವಳಂ, ಮಹಾಬಲಿಪುರಂ ಸೇರುತ್ತೇನೆ. ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನಾದ್ದರಿಂದ ಮೊದಲು ಕಾರಣ ಹೇಳಿ ಆಮೇಲೆ ಅಳತೆಗೆ ಬರುತ್ತೇನೆ. ಕಾರಣ ಗೊತ್ತಿದ್ದರೆ ಅಳತೆಯನ್ನು ನೀವೇ ಕಂಡುಕೊಳ್ಳಬಹುದು.

ಹೆಸರಿನಲ್ಲಿ ಡಿಸ್‌ಪ್ಲೇಸ್‌ಮೆಂಟ್ ಎಂದಿದ್ದರೂ ಈ ಬೋರ್ಡ್ ದೋಣಿಯ ಹಾಗೆ ನೀರನ್ನು ಸೀಳಿ ಪಕ್ಕಕ್ಕೆ ತಳ್ಳುತ್ತಲೇ ಸಾಗುವುದಿಲ್ಲ. ದೋಣಿಶಾಸ್ತ್ರದ ಹಳೆಯ ಲೆಕ್ಕದ ಪ್ರಕಾರ ನೀರಿನ ಗೆರೆಯಲ್ಲಿ 7 ಅಡಿ ಉದ್ದವಿರುವ ತಳವೊಂದು ನೀರನ್ನು ತಳ್ಳುತ್ತಲೇ ತಲುಪಬಹುದಾದ ವೇಗ ಸುಮಾರು 3.5 ನಾಟ್, ಅಂದರೆ ಗಂಟೆಗೆ 6.5 ಕಿಲೋಮೀಟರ್ ಚಿಲ್ಲರೆ. 1.2 ಮೀಟರ್ ಆಳದಲ್ಲಿ ಒಡೆಯುವ ಅಲೆಯ ವೇಗವೇ ಗಂಟೆಗೆ 12 ಕಿಲೋಮೀಟರ್ ದಾಟುತ್ತದೆ, ಅದರ ಮೇಲೆ ಅಡ್ಡಕ್ಕೆ ಸಾಗುವ ಬೋರ್ಡ್‌ನ ವೇಗ ಇನ್ನೂ ಹೆಚ್ಚು. ಹಾಗಾಗಿ ಇದೂ ನೀರಿನ ಮೇಲೆ ಜಾರುವ ಬೋರ್ಡೇ. ಆದರೆ ಚಪ್ಪಟೆ ತಳದ ಬೋರ್ಡ್ ನೀರಿನ ಮೇಲೆ ನಿಂತರೆ ಇದು ನೀರಿನೊಳಗೆ ಕೂರುತ್ತದೆ.

ಕೂರುವುದಕ್ಕೆ ಕಾರಣ ಆ ಉಬ್ಬು. ನಲ್ಲಿಯಿಂದ ಬೀಳುವ ನೀರಿನ ಪಕ್ಕದಲ್ಲಿ ಚಮಚವನ್ನು ಸಡಿಲವಾಗಿ ಹಿಡಿದು ಅದರ ಬೆನ್ನನ್ನು ಧಾರೆಗೆ ತಾಗಿಸಿ ನೋಡಿ: ನೀರು ಚಮಚವನ್ನು ಹೊರಗೆ ನೂಕುವ ಬದಲು ಒಳಗೆ ಎಳೆದುಕೊಳ್ಳುತ್ತದೆ. ಹರಿಯುವ ನೀರು ಉಬ್ಬಿದ ಮೈಗೆ ಅಂಟಿಕೊಂಡು ಬಾಗುತ್ತದೆ, ಬಾಗುವ ಕಡೆ ಒತ್ತಡ ಇಳಿಯುತ್ತದೆ, ಮೈ ಅತ್ತ ಸೆಳೆಯಲ್ಪಡುತ್ತದೆ. ನೀವು ಹಲ್ ಬೋರ್ಡನ್ನು ಒಂದು ಬದಿಗೆ ವಾಲಿಸಿದಾಗ ಉಬ್ಬಿದ ತಳ ಮತ್ತು ತೆಳು ರೇಲ್ ಎರಡೂ ಸೇರಿ ಆ ಬದಿಯನ್ನು ನೀರಿನೊಳಕ್ಕೆ ಎಳೆದುಕೊಳ್ಳುತ್ತವೆ. ಆಗ ಬೋರ್ಡ್ ಸಾಗಬೇಕಾದ ತಿರುವಿನ ಗೆರೆಯನ್ನು ನಿರ್ಧರಿಸುವುದು ಆ ರೇಲ್‌ನ ಬಳುಕು. ಅದರಲ್ಲೂ ಬೋರ್ಡಿನ ಮುಂದಿನ ಅರ್ಧ. ಇಂದಿನ ಸಾಮಾನ್ಯ ಶಾರ್ಟ್‌ಬೋರ್ಡ್‌ನಲ್ಲಿ ತಿರುವು ಟೇಲ್‌ನಿಂದ, ಅಂದರೆ ಹಿಂತುದಿಯಿಂದ, ಹುಟ್ಟುತ್ತದೆ, ಹಲ್ ಬೋರ್ಡ್‌ನಲ್ಲಿ ಮುಂದಿನ ಮೊಣಕಾಲಿನ ಕೆಳಗೆ ಹುಟ್ಟುತ್ತದೆ. ನಿಮ್ಮ ಪ್ರಶ್ನೆಗೆ ಇದೇ ಅಡಿಪಾಯ.

ಈಗ ಫಿನ್. ಬೋರ್ಡ್ ಎಡಕ್ಕೋ ಬಲಕ್ಕೋ ಹೊರಳಲು ಹೊರಟಾಗ ಫಿನ್‌ಗೆ ನೀರು ಓರೆಯಾಗಿ ಬಡಿಯುತ್ತದೆ, ಆ ಬಡಿತ ಬೋರ್ಡನ್ನು ಮತ್ತೆ ನೇರ ಮಾಡಲು ನೋಡುತ್ತದೆ. ಫಿನ್ ಹಿಂದಕ್ಕೆ ಹೋದಷ್ಟೂ ಈ ನೇರಮಾಡುವ ಹಟ ಹೆಚ್ಚು. ರೇಲ್ ತಿರುಗು ಎನ್ನುತ್ತಿದೆ, ಹಿಂತುದಿಯಲ್ಲಿರುವ ಫಿನ್ ಬೇಡ ಎನ್ನುತ್ತಿದೆ. ಈ ಜಗಳದಲ್ಲಿ ಬೋರ್ಡ್ ಹೊರಳದೆ ಬರೀ ವಾಲುತ್ತಾ ಹೋಗುತ್ತದೆ, ಕೊನೆಗೆ ಮುಂದಿನ ರೇಲ್ ಆಳಕ್ಕೆ ಇಳಿದು ಸಿಕ್ಕಿಕೊಳ್ಳುತ್ತದೆ. ನೀವು ವಿವರಿಸಿದ್ದು ಅಕ್ಷರಶಃ ಇದನ್ನೇ. ಫಿನ್ ಮುಂದಕ್ಕೆ ಬಂದರೆ ಹಟ ಕಡಿಮೆಯಾಗಿ ಬೋರ್ಡ್ ರೇಲ್‌ನ ಗೆರೆ ಹಿಡಿಯುತ್ತದೆ. ಅತಿಯಾಗಿ ಮುಂದೆ ಬಂದರೆ ಟೇಲ್ ಹಿಡಿತ ತಪ್ಪಿ ಜಾರುತ್ತದೆ, ನೇರ ಸಾಗುವಾಗಲೂ ಬೋರ್ಡ್ ಅತ್ತಿತ್ತ ಅಲೆದಾಡುತ್ತದೆ. ಈ ಎರಡರ ನಡುವಿನ ಪಟ್ಟಿಯನ್ನು ಹುಡುಕುವುದೇ ನಿಮ್ಮ ಕೆಲಸ.

ಅಳತೆಯ ಬಗ್ಗೆ ಒಂದು ಮಾತು. ಸಾಮಾನ್ಯವಾಗಿ ಟೇಲ್‌ನ ತುದಿಯಿಂದ ಫಿನ್‌ನ ಬುಡದ ಹಿಂಬದಿಯ ಅಂಚಿನವರೆಗೆ ಅಳೆಯುತ್ತಾರೆ, ನೀವೂ ಹಾಗೇ ಅಳೆಯಿರಿ. ಆದರೆ ಅದು ಒಂದೇ ಫಿನ್ ಅನ್ನು ಹಿಂದೆ ಮುಂದೆ ಸರಿಸುವಾಗ ಮಾತ್ರ ಅರ್ಥ ಕೊಡುವ ಸಂಖ್ಯೆ. ನೀರಿಗೆ ಲೆಕ್ಕ ಇರುವುದು ಫಿನ್‌ನ ಮೈಯೆಲ್ಲ ಸೇರಿ ಎಲ್ಲಿ ತೂಗುತ್ತದೆ ಎಂಬುದು, ಬುಡ ಎಲ್ಲಿದೆ ಎಂಬುದಲ್ಲ. ಹಿಂದಕ್ಕೆ ಬಾಗಿದ ಆಕಾರದ ಫಿನ್‌ಗೆ ಆ ಬಿಂದು ಬುಡಕ್ಕಿಂತ ಬಹಳ ಹಿಂದಿರುತ್ತದೆ. ನೆಟ್ಟಗೆ ನಿಂತ ಫಿನ್‌ಗೆ ಬುಡದ ಮೇಲೇ ಇರುತ್ತದೆ. ಆದ್ದರಿಂದ ಬೇರೆಯವರು "ನನ್ನದು ಇಷ್ಟು ಇಂಚಿನಲ್ಲಿ ಚೆನ್ನಾಗಿದೆ" ಎಂದರೆ ಅವರ ಫಿನ್‌ನ ಆಕಾರ ಕೇಳದೆ ಆ ಸಂಖ್ಯೆಯನ್ನು ನಂಬಬೇಡಿ. ಫಿನ್ ಬದಲಿಸುವುದು, ಜಾಗ ಬದಲಿಸುವುದು ಎರಡನ್ನೂ ಒಂದೇ ದಿನ ಮಾಡಲೂ ಬೇಡಿ.

ಒಮ್ಮೆಗೆ ಅರ್ಧ ಇಂಚು ಸರಿಸಿ. ಕಾಲು ಇಂಚಿನ ವ್ಯತ್ಯಾಸ ನಮ್ಮಂಥವರಿಗೆ, ಅದೂ ಒಂದು ಅಲೆ ಇನ್ನೊಂದರಂತಿಲ್ಲದ ಮರಳು ದಂಡೆಯಲ್ಲಿ, ತಿಳಿಯುತ್ತದೆ ಎಂಬುದನ್ನು ನಾನು ಒಪ್ಪುವುದಿಲ್ಲ.

ತುದಿ ಉಜ್ಜುವ ವಿಚಾರಕ್ಕೆ ಒಂದೇ ಲೆಕ್ಕ: ಬಾಗುವಿಕೆಗೆ ಎದುರಾದ ಗಡಸುತನ ದಪ್ಪದ ಘನಕ್ಕೆ ಅನುಗುಣವಾಗಿರುತ್ತದೆ. ದಪ್ಪವನ್ನು ಹತ್ತನೇ ಒಂದು ಪಾಲು ಕಡಿಮೆ ಮಾಡಿದರೆ ಗಡಸುತನ ಶೇ. 27ರಷ್ಟು ಇಳಿಯುತ್ತದೆ. ಉಜ್ಜಿದ್ದನ್ನು ಮತ್ತೆ ಅಂಟಿಸಲಾಗದು. ಜಾಗ ನಿಶ್ಚಯವಾಗುವವರೆಗೆ ಮರಳು ಕಾಗದವನ್ನು ಮನೆಯಲ್ಲೇ ಇಡಿ.

ನಂದಿತಪ್ಪಲು, ಗೌರಿಬಿದನೂರು – ಉತ್ತರ

ಮೇಷ್ಟ್ರು ಶಾಸ್ತ್ರ ಹೇಳಿದ್ದಾರೆ, ನಾನು ಕಸುಬಿನ ಮಾತು ಹೇಳುತ್ತೇನೆ. ನಮ್ಮದು ಫೈಬರ್‌ಗ್ಲಾಸ್ ಕೆಲಸದ ಸಣ್ಣ ಶೆಡ್. ಹೊಟ್ಟೆಪಾಡಿಗೆ ನೀರಿನ ತೊಟ್ಟಿ, ಚಾವಣಿ ಶೀಟು ಮಾಡುತ್ತೇವೆ, ಆಸೆಗೆ ಬೋರ್ಡ್ ರಿಪೇರಿ ಮಾಡುತ್ತೇವೆ.

ಮೊದಲು ಸ್ಕ್ರೂ. ಈ ಉದ್ದನೆಯ ಬಾಕ್ಸ್‌ಗಳ ಸ್ಕ್ರೂ ಅಮೆರಿಕದ 8-32 ಎಂಬ ಅಳತೆಯದು: ಹೊರವ್ಯಾಸ 4.17 ಮಿಲಿಮೀಟರ್, ಇಂಚಿಗೆ 32 ಎಳೆ, ಅಂದರೆ ಎಳೆಯಿಂದ ಎಳೆಗೆ 0.79 ಮಿಲಿಮೀಟರ್. ನಮ್ಮ ಅಂಗಡಿಗಳ ಎಂ4ಗೆ ವ್ಯಾಸ 4, ಎಳೆಯ ಅಂತರ 0.7. ಹತ್ತಿರ ಹತ್ತಿರ ಇರುವುದರಿಂದಲೇ ಅದು ಒಂದೆರಡು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ. ಬಲವಂತ ಮಾಡಿದರೆ ಹಿತ್ತಾಳೆ ಪ್ಲೇಟಿನ ಎಳೆ ಹಾಳಾಗುತ್ತದೆ, ಸಮುದ್ರದ ನಡುವೆ ಫಿನ್ ಬಿಚ್ಚಿಕೊಂಡು ಹೋಗುತ್ತದೆ. ಇಲ್ಲಿ ಗಮನಿಸಬೇಕಾದದ್ದು, ಆ ಸ್ಕ್ರೂ ಬೋರ್ಡಿಗೆ ಕಚ್ಚುವುದೇ ಇಲ್ಲ. ಅದು ಫಿನ್‌ನ ತೂತಿನಲ್ಲಿ ಹಾದು, ಬಾಕ್ಸ್‌ನ ತೋಡಿನೊಳಗೆ ಸರಿದಾಡುವ ಪುಟ್ಟ ಪ್ಲೇಟಿಗೆ ಕಚ್ಚುತ್ತದೆ. ಹಾಗಾದರೆ ಪ್ಲೇಟನ್ನೇ ಬದಲಿಸಿಬಿಡಿ. ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಯಾವ ಲೇತ್ ಅಂಗಡಿಗೆ ಹೋದರೂ ಹಳೆಯ ಪ್ಲೇಟನ್ನು ಮಾದರಿಗೆ ಕೊಟ್ಟು ಅದೇ ಅಗಲ, ಅದೇ ದಪ್ಪದ ಹಿತ್ತಾಳೆ ತುಂಡಿಗೆ 3.3 ಮಿಲಿಮೀಟರ್ ಡ್ರಿಲ್ ಹೊಡೆಸಿ ಎಂ4 ಟ್ಯಾಪ್ ಹಾಕಿಸಿ. ಸ್ಟೇನ್‌ಲೆಸ್ ಎಂ4 ಸ್ಕ್ರೂ ಎಲ್ಲೆಡೆ ಸಿಗುತ್ತದೆ. ನಾಲ್ಕೈದು ಪ್ಲೇಟ್ ಒಟ್ಟಿಗೆ ಮಾಡಿಸಿಕೊಳ್ಳಿ, ಮರಳಿನಲ್ಲಿ ಬಿದ್ದರೆ ಅದು ಸಿಗುವ ವಸ್ತುವಲ್ಲ. ಸ್ಕ್ರೂವಿನ ತಲೆ ಫಿನ್‌ನ ತಗ್ಗಿನೊಳಗೆ ಪೂರ್ತಿ ಕೂರಬೇಕು, ಉದ್ದ ಬಾಕ್ಸ್‌ನ ತಳಕ್ಕೆ ತಾಗಬಾರದು. ತಾಗಿದರೆ ನೀವು ಬಿಗಿದಷ್ಟೂ ಅದು ಬಾಕ್ಸನ್ನು ಒಳಗಿನಿಂದ ನೂಕುತ್ತದೆ, ಬಿರುಕಿನಲ್ಲಿ ನೀರು ಇಳಿದು ಒಳಗಿನ ಫೋಮ್ ಕೆಡುತ್ತದೆ.

ಕೂರಿಸುವ ಕ್ರಮ ನಿಮಗೆ ಗೊತ್ತಿರಬಹುದು, ಗೊತ್ತಿಲ್ಲದವರಿಗಾಗಿ ಬರೆಯುತ್ತೇನೆ. ಪ್ಲೇಟನ್ನು ಬಾಕ್ಸ್‌ನ ನಡುವಿನ ಕಿಂಡಿಯಿಂದ ಒಳಗೆ ಬಿಟ್ಟು ಮುಂದಕ್ಕೆ ಸರಿಸಬೇಕು. ಫಿನ್‌ನ ಹಿಂಬದಿಯ ಅಡ್ಡ ಪಿನ್ ಅನ್ನು ಅದೇ ಕಿಂಡಿಯಿಂದ ಇಳಿಸಿ ಬೇಕಾದ ಜಾಗಕ್ಕೆ ಸರಿಸಿ, ಮುಂಬದಿಯನ್ನು ಒತ್ತಿ ಕೂರಿಸಿ, ತೂತು ಮತ್ತು ಪ್ಲೇಟನ್ನು ಒಂದೇ ನೇರಕ್ಕೆ ತಂದು ಸ್ಕ್ರೂ ಹಾಕಬೇಕು. ಪ್ಲೇಟ್ ಮಾತು ಕೇಳದಿದ್ದರೆ ಸ್ಕ್ರೂವನ್ನೇ ಅದಕ್ಕೆ ಎರಡು ಎಳೆ ಹಾಕಿ ಹಿಡಿಕೆಯಾಗಿ ಬಳಸಿ ಸರಿಸಿಕೊಳ್ಳಿ. ಬಿಗಿಯುವುದು ಎರಡು ಬೆರಳಿನ ಬಲಕ್ಕೆ ಸಾಕು.

ಅಳತೆ ಬರೆದಿಡಲು ಬಾಕ್ಸ್‌ನ ಪಕ್ಕದಲ್ಲಿ ಮಾಸ್ಕಿಂಗ್ ಟೇಪ್ ಅಂಟಿಸಿ ಅದರ ಮೇಲೆ ಕಾಲು ಇಂಚಿಗೊಂದು ಗೀಟು ಹಾಕಿ. ಫಿನ್‌ನ ಬುಡ ಸುಮಾರು 6 ಇಂಚಿದ್ದರೆ 10.5 ಇಂಚಿನ ಬಾಕ್ಸ್‌ನಲ್ಲಿ ನಿಮಗೆ ಸಿಗುವ ಓಡಾಟ ನಾಲ್ಕು ಇಂಚಿನ ಆಸುಪಾಸು. ಹಲ್ ಬೋರ್ಡ್ ಬಳಸುವವರಲ್ಲಿ ಹೆಚ್ಚಿನವರು ಬಾಕ್ಸ್‌ನ ಮುಂದಿನ ಅರ್ಧದಲ್ಲೇ ಫಿನ್ ಇಡುತ್ತಾರೆ. ನೀವು ನಡುವಿನಿಂದ ಆರಂಭಿಸಿ ಮುಂದಕ್ಕೆ ಹೋಗಿ. ಮೇಷ್ಟ್ರು ಕಾಲು ಇಂಚು ತಿಳಿಯದು ಎನ್ನುತ್ತಾರೆ, ನಾನು ಪೂರ್ತಿ ಒಪ್ಪುವುದಿಲ್ಲ. ಒರಟು ಹುಡುಕಾಟಕ್ಕೆ ಅರ್ಧ ಇಂಚು ಸರಿ, ಆದರೆ ಜಾರುವ ಜಾಗ ಮತ್ತು ಹಿಡಿಯುವ ಜಾಗದ ನಡುವೆ ಬಂದು ನಿಂತಾಗ ಕಾಲು ಇಂಚು ಖಂಡಿತ ಗೊತ್ತಾಗುತ್ತದೆ.

ಫಿನ್ ಬಾಗುವುದು ಅಲಂಕಾರಕ್ಕಲ್ಲ. ಈ ಬೋರ್ಡ್‌ಗಳ ವಂಶ ಶುರುವಾದದ್ದೇ ಫಿನ್‌ನಿಂದ ಎನ್ನಬಹುದು. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದ ಜಾರ್ಜ್ ಗ್ರೀನೋ ಮಂಡಿಯೂರಿ ಓಡಿಸುವ ಬೋರ್ಡ್‌ಗಳಿಗೆ ಟ್ಯೂನಾ ಮೀನಿನ ಬಾಲದ ಜಾಡು ಹಿಡಿದು ಬುಡ ಗಟ್ಟಿಯಾದ, ತುದಿ ಕಿರಿದಾಗಿ ಬಾಗುವ ಫಿನ್ ಮಾಡಿದರು. ಅಲ್ಲಿಯವರೆಗಿನ ಫಿನ್‌ಗಳು ಅಗಲವಾಗಿ, ಬಾಗದೆ ನಿಂತಿರುತ್ತಿದ್ದವು. 1966ರಲ್ಲಿ ಸಾನ್ ಡಿಯಾಗೊದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ಪನ್ನು ಆಸ್ಟ್ರೇಲಿಯಾದ ನ್ಯಾಟ್ ಯಂಗ್ ಗೆದ್ದದ್ದು ಗ್ರೀನೋ ಮಾದರಿಯ ಫಿನ್ ಇದ್ದ ಬೋರ್ಡ್‌ನಲ್ಲಿ. ಆಮೇಲೆ ಬಾಬ್ ಮಕ್‌ಟಾವಿಷ್ ಬೋರ್ಡ್‌ಗಳನ್ನು ಗಿಡ್ಡ ಮಾಡಿದರು, ಕ್ಯಾಲಿಫೋರ್ನಿಯಾದಲ್ಲಿ ಗ್ರೆಗ್ ಲಿಡಲ್ ಈ ಉಬ್ಬು ತಳವನ್ನೇ ಹಿಡಿದು ದಶಕಗಳ ಕಾಲ ತಿದ್ದಿದರು. ತಿರುವಿನಲ್ಲಿ ಭಾರ ಬಿದ್ದಾಗ ತುದಿ ಬಾಗಿ, ಭಾರ ಇಳಿದಾಗ ಮರಳುವ ಆ ಗುಣವೇ ತಿರುವಿನ ಕೊನೆಯಲ್ಲಿ ಸಿಗುವ ನೂಕು. ನಿಮ್ಮ ಫಿನ್ ಬೆರಳಿಗೆ ಬಾಗುತ್ತದೆ ಎಂದಿದ್ದೀರಿ. ಅಷ್ಟು ಸಾಕು, ಉಜ್ಜಬೇಡಿ.

ತೆಂಗಿನಸೀಮೆ, ತಿಪಟೂರು – ಉತ್ತರ

ಮೇಲಿನ ಇಬ್ಬರು ಹಿರಿಯರ ಮಾತಿಗೂ ಗೌರವವಿದೆ, ಆದರೆ ಇಬ್ಬರೂ ಫಿನ್ ಮುಟ್ಟುವುದರಿಂದ ಆರಂಭಿಸಿದ್ದಾರೆ. ನಾನು ಕಾಲಿನಿಂದ ಆರಂಭಿಸುತ್ತೇನೆ.

ಬೋರ್ಡನ್ನು ಮನೆಯಲ್ಲಿ ಬೆಳಕಿಗೆ ಹಿಡಿದು ಡೆಕ್ ಮೇಲೆ, ಅಂದರೆ ನಾವು ನಿಲ್ಲುವ ಮೇಲ್ಮೈಯಲ್ಲಿ, ಕಾಲು ಜಾರದಿರಲೆಂದು ಹಚ್ಚಿದ ಮೇಣವನ್ನು ನೋಡಿ. ಪಾದ ನಿಂತ ಕಡೆ ಮೇಣ ಒತ್ತಿ ಚಪ್ಪಟೆಯಾಗಿ ಕಪ್ಪಾಗಿರುತ್ತದೆ, ಉಳಿದ ಕಡೆ ಗಂಟುಗಂಟಾಗಿ ಬೆಳ್ಳಗಿರುತ್ತದೆ. ನಾವು ಎಲ್ಲಿ ನಿಂತಿದ್ದೇವೆ ಎಂದು ಭಾವಿಸುತ್ತೇವೋ ಅಲ್ಲಿ ನಿಂತಿರುವುದಿಲ್ಲ, ಮೇಣ ಸುಳ್ಳು ಹೇಳುವುದಿಲ್ಲ. ನಿಮ್ಮ ಹಿಂದಿನ ಪಾದದ ಕಲೆ ಫಿನ್ ಬಾಕ್ಸ್‌ನ ನೇರ ಮೇಲಿದ್ದರೆ ನೀವು ಈ ಬೋರ್ಡನ್ನು ಶಾರ್ಟ್‌ಬೋರ್ಡ್‌ನಂತೆ ಓಡಿಸುತ್ತಿದ್ದೀರಿ. "ಹಿಂದಿನ ಕಾಲಿಗೆ ಭಾರ ಹಾಕಿದರೆ ವೇಗ ಸಾಯುತ್ತದೆ" ಎಂಬ ನಿಮ್ಮ ವಾಕ್ಯ ಓದಿದಾಗಲೇ ನನಗೆ ಆ ಅನುಮಾನ ಬಂತು. ಹಲ್ ಬೋರ್ಡ್‌ನ ಟೇಲ್ ತುಳಿದರೆ ಉಬ್ಬು ತಳ ನೀರನ್ನು ತಡೆದು ನಿಲ್ಲಿಸುತ್ತದೆ, ಅದು ಅದರ ಹುಟ್ಟುಗುಣ. ಯಾವ ಫಿನ್‌ನಿಂದಲೂ ಅದು ಹೋಗದು. ಮುಂದಿನ ಪಾದ ಅತಿ ಅಗಲವಾದ ಭಾಗದ ಆಸುಪಾಸಿಗೆ ಬರಬೇಕು, ಹಿಂದಿನ ಪಾದ ಫಿನ್‌ಗಿಂತ ಸಾಕಷ್ಟು ಮುಂದೆ ನಿಲ್ಲಬೇಕು, ಮೊಣಕಾಲು ಬಗ್ಗಿಸಿ ಇಡೀ ರೇಲ್‌ನ ಉದ್ದಕ್ಕೂ ಮೈ ವಾಲಿಸಬೇಕು. ಪಾದ ಮುಂದೆ ಬಂದರೆ, ನಿಮ್ಮ ಪಾದದ ಲೆಕ್ಕಕ್ಕೆ ಫಿನ್ ಇನ್ನೂ ಹಿಂದೆ ಹೋದ ಹಾಗಾಗುತ್ತದೆ. ಆದ್ದರಿಂದಲೇ ಪಾದದ ಜಾಗ ಸ್ಥಿರವಾಗುವ ಮೊದಲು ಹುಡುಕಿದ ಫಿನ್ ಜಾಗಕ್ಕೆ ಬೆಲೆಯಿಲ್ಲ.

ಎರಡನೆಯ ಮಾತು ಅಲೆಯ ಬಗ್ಗೆ. ಈ ಬೋರ್ಡ್‌ಗಳು ಹುಟ್ಟಿ ಬೆಳೆದದ್ದು ಕ್ಯಾಲಿಫೋರ್ನಿಯಾದ ಮಲಿಬು, ರಿಂಕನ್‌ನಂಥ ಕಡೆ. ಅಲ್ಲಿ ಭೂಚಾಚಿನ ಗುಂಟ ಅಲೆ ಒಂದೇ ದಿಕ್ಕಿಗೆ ಬಹಳ ಹೊತ್ತು ಒಡೆಯುತ್ತಾ ಹೋಗುತ್ತದೆ. ಶಾಂಭವಿ ಮತ್ತು ನಂದಿನಿ ನದಿಗಳು ಕಡಲು ಸೇರುವ ಸಸಿಹಿತ್ಲುವಿನಲ್ಲಿ ಮರಳು ದಿಬ್ಬವೇ ಮಳೆಗಾಲಕ್ಕೊಂದು ರೂಪ ತಾಳುತ್ತದೆ, ಅಲೆಯ ಗೋಡೆ ಗಿಡ್ಡ, ಕೆಲವೊಮ್ಮೆ ಉದ್ದಕ್ಕೂ ಒಟ್ಟಿಗೆ ಕುಸಿಯುತ್ತದೆ. ಅಂಥ ಕಡೆ ಬೇಗ ತಿರುಗಬೇಕಾದ್ದರಿಂದ ಫಿನ್ ಮುಂದಿರುವುದು ಅನುಕೂಲವೇ. ಆದರೆ ಅಲೆ ಕಡಿದಾಗಿ ಎದ್ದ ದಿನ ಅದೇ ಜಾಗದಲ್ಲಿ ಟೇಲ್ ಜಾರುತ್ತದೆ. ಒಂದೇ ಜಾಗ ಎಲ್ಲ ದಿನಕ್ಕೂ ಹೊಂದಬೇಕೆಂಬ ಹಟ ಬೇಡ. ಸ್ಕ್ರೂ ಡ್ರೈವರ್ ಕಾರಿನಲ್ಲಿರಲಿ, ನೀರಿಗೆ ಇಳಿಯುವ ಮುನ್ನ ದಡದಲ್ಲಿ ನಿಂತು ಅಲೆ ನೋಡಿ ಅರ್ಧ ಇಂಚು ಹಿಂದೆಯೋ ಮುಂದೆಯೋ ಮಾಡಿ.

ನಿಂತ ನೀರಿನ ಪರೀಕ್ಷೆ ವ್ಯರ್ಥ. ಕೈಯಿಂದ ಹುಟ್ಟು ಹಾಕುವ ವೇಗದಲ್ಲಿ ಫಿನ್ ಮೇಲೆ ಭಾರವೇ ಬೀಳುವುದಿಲ್ಲ. ಜಲಾಶಯಕ್ಕೆ ಇಳಿಯಲು ಅನುಮತಿಯೂ ಬೇಕು, ಆ ಗೋಜು ಬೇಡ.

ಕಲ್ಪತರುನಾಡು, ಕುಣಿಗಲ್ – ಮರುಪ್ರಶ್ನೆ

ಮೂವರಿಗೂ ಕೃತಜ್ಞತೆಗಳು. ಈ ನಡುವೆ ಸಮುದ್ರಕ್ಕೆ ಹೋಗಿ ಬಂದೆ, ಫಲಿತಾಂಶ ಬರೆಯುತ್ತಿದ್ದೇನೆ.

ತಿಪಟೂರಿನವರು ಹೇಳಿದಂತೆ ಮೇಣ ನೋಡಿದೆ. ಹಿಂದಿನ ಪಾದದ ಕಲೆ ಬಾಕ್ಸ್‌ನ ಮುಂತುದಿಯ ಮೇಲೆ ಇತ್ತು, ಮುಂದಿನ ಪಾದದ್ದು ನಡುವಿಗಿಂತ ಹಿಂದಿತ್ತು. ಡೆಕ್ ಮೇಲೆ ಅತಿ ಅಗಲವಾದ ಭಾಗಕ್ಕೆ ಅಡ್ಡಲಾಗಿ ಮೇಣದಲ್ಲೇ ಒಂದು ದಪ್ಪ ಗೆರೆ ಎಳೆದುಕೊಂಡು, ಫಿನ್ ಅನ್ನು ಇದ್ದಲ್ಲೇ ಬಿಟ್ಟು, ಮೊದಲು ಪಾದ ಮಾತ್ರ ಮುಂದೆ ತಂದೆ. ವೇಗ ಉಳಿಯಿತು, ರೇಲ್ ಸಿಕ್ಕಿಕೊಳ್ಳುವುದು ಮಾತ್ರ ಹೆಚ್ಚಾಯಿತು. ಮೇಷ್ಟ್ರ ವಿವರಣೆಯ ಪ್ರಕಾರ ಹಾಗಾಗಲೇಬೇಕಿತ್ತು ಎಂದು ತೋರುತ್ತದೆ.

ಆಮೇಲೆ ಫಿನ್ ಸರಿಸಿದೆ. ಆರಂಭದಲ್ಲಿ ಬುಡದ ಹಿಂಬದಿ ಟೇಲ್‌ನಿಂದ 5.25 ಇಂಚಿನಲ್ಲಿತ್ತು. 6.25ಕ್ಕೆ ಬಂದಾಗ ಸಿಕ್ಕಿಕೊಳ್ಳುವುದು ಬಹುಪಾಲು ನಿಂತಿತು. 7ರಲ್ಲಿ ಬೋರ್ಡ್ ಮೊದಲ ಬಾರಿಗೆ ತಾನಾಗಿ ತಿರುಗಿತು. ಮೊಣಕಾಲು ಒತ್ತಿದ ಕೂಡಲೇ ಅಲ್ಲ, ಅರೆಗಳಿಗೆ ತಡೆದು, ಆಮೇಲೆ ಇಡೀ ಬೋರ್ಡ್ ಒಟ್ಟಿಗೆ ಬಳುಕಿದ ಹಾಗೆ. 7.5ರಲ್ಲಿ ಸಣ್ಣ ಅಲೆಗಳಲ್ಲಿ ಇನ್ನೂ ಚೆನ್ನಾಗಿತ್ತು, ಆದರೆ ಕಡಿದಾದ ಅಲೆಯೊಂದರಲ್ಲಿ ಇಳಿಯುವಾಗಲೇ ಟೇಲ್ ಪಕ್ಕಕ್ಕೆ ಹೋಯಿತು. 7.25ರಲ್ಲೂ ಇಟ್ಟು ನೋಡಿದೆ, ಗೌರಿಬಿದನೂರಿನವರು ಹೇಳಿದ ಕಾಲು ಇಂಚಿನ ವ್ಯತ್ಯಾಸ ನನಗೆ ತಿಳಿದಂತಾಯಿತೋ ಅಥವಾ ತಿಳಿಯಬೇಕೆಂಬ ಆಸೆಯೋ ಎಂದು ಖಚಿತವಾಗಿ ಹೇಳಲಾರೆ. ಸದ್ಯ 7ಕ್ಕೆ ತಂದು ಬಿಗಿದಿದ್ದೇನೆ. ಎಂ4 ಪ್ಲೇಟ್ ಚೆನ್ನಾಗಿ ಹಿಡಿದಿದೆ.

ಒಂದು ಸಂಶಯ ಉಳಿದಿದೆ. ನಾನು ಎಡಗಾಲು ಮುಂದಿಟ್ಟು ನಿಲ್ಲುವವನು. ಬಲಕ್ಕೆ ಸಾಗುವಾಗ, ಅಂದರೆ ಅಲೆಗೆ ಎದೆ ಕೊಟ್ಟಾಗ, ಮೇಲೆ ಹೇಳಿದ್ದೆಲ್ಲ ಸರಿ. ಎಡಕ್ಕೆ ಸಾಗುವಾಗ, ಅಲೆಗೆ ಬೆನ್ನು ಕೊಟ್ಟು ಹಿಮ್ಮಡಿಯಿಂದ ಒತ್ತಬೇಕಾದಾಗ, ತಿರುವು ಬಿಗಿಯಾಗಿಯೇ ಇದೆ. ಇದಕ್ಕಾಗಿ ಫಿನ್ ಅನ್ನು ಇನ್ನೂ ಮುಂದೆ ತರಬೇಕೇ?

ಚಿನ್ನದನಾಡು, ಕೋಲಾರ – ಉತ್ತರ

ಬೇಡ. ಫಿನ್ ಅನ್ನು ಹಿಂದೆ ಮುಂದೆ ಸರಿಸುವುದು ಎರಡೂ ಬದಿಗೆ ಒಂದೇ ರೀತಿ ಕೆಲಸ ಮಾಡುತ್ತದೆ. ಒಂದು ಬದಿಗೆ ಸರಿ, ಇನ್ನೊಂದಕ್ಕೆ ಇಲ್ಲ ಎಂದರೆ ಕಾರಣ ಬೇರೆ ಕಡೆ ಇದೆ. ಹಿಮ್ಮಡಿಯ ಬದಿಗೆ ವಾಲುವುದು ಎಲ್ಲರಿಗೂ ಕಷ್ಟವೇ, ಏಕೆಂದರೆ ಪಾದದ ಕೀಲು ಬೆರಳಿನ ಕಡೆ ಒತ್ತುವಷ್ಟು ನಯವಾಗಿ ಹಿಮ್ಮಡಿಯ ಕಡೆ ಒತ್ತಲಾರದು. ಹಲ್ ಬೋರ್ಡ್‌ನಲ್ಲಿ ಇದು ಇನ್ನಷ್ಟು ಎದ್ದು ಕಾಣುತ್ತದೆ, ಇಲ್ಲಿ ಟೇಲ್ ತುಳಿದು ಕೆಲಸ ಸಾಗಿಸುವ ದಾರಿ ಮುಚ್ಚಿದೆ. ಎರಡೂ ಪಾದಗಳನ್ನು ನಡುಗೆರೆಯಿಂದ ಒಂದು ಬೆರಳಿನಷ್ಟು ಹಿಮ್ಮಡಿಯ ಕಡೆಗೆ ತಂದು ನೋಡಿ. ಫಿನ್ ಓರೆಯಾಗಿದೆಯೇ ಎಂಬುದನ್ನು ಮಾತ್ರ ಗೌರಿಬಿದನೂರಿನವರು ಹೇಳಬೇಕು.

ನಂದಿತಪ್ಪಲು, ಗೌರಿಬಿದನೂರು – ಉತ್ತರ

ಓರೆ ನೋಡುವುದು ಹತ್ತು ನಿಮಿಷದ ಕೆಲಸ. ಬೋರ್ಡನ್ನು ತಳ ಮೇಲಾಗಿ ಎರಡು ದಿಂಬಿನ ಮೇಲೆ ಮಲಗಿಸಿ, ನೋಸ್‌ನ ತುದಿಯಿಂದ ಟೇಲ್‌ನ ನಡುವಿನವರೆಗೆ ನಡುಪಟ್ಟಿಯ ಮೇಲೆ ದಾರ ಬಿಗಿದು ಕಟ್ಟಿ. ಫಿನ್ ಅಡ್ಡ ಬರುವುದರಿಂದ ದಾರ ಅದರ ಮುಂದಿನ ಅಂಚಿನ ಬಳಿ ನಿಂತರೂ ಸಾಕು. ಹಿಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿದರೆ ಬುಡದ ಎರಡೂ ತುದಿ ಆ ಗೆರೆಯ ಮೇಲೆ ಬಿದ್ದಿವೆಯೇ ಎಂಬುದು ತಿಳಿಯುತ್ತದೆ. ಆಮೇಲೆ ಬಡಗಿಯ ಮೂಲೆಮಟ್ಟವನ್ನು ಫಿನ್‌ನ ಎರಡೂ ಬದಿಗೆ ಇಟ್ಟು ಅದು ನೆಟ್ಟಗೆ ನಿಂತಿದೆಯೇ ಎಂದು ನೋಡಿ. ತಳ ಉಬ್ಬಿರುವ ಬೋರ್ಡ್ ಆದ್ದರಿಂದ ಮಟ್ಟವನ್ನು ನೇರ ತಳದ ಮೇಲೆ ಇಡಬೇಡಿ. ಬಾಕ್ಸ್‌ನ ಅಂಚಿನ ಮೇಲೆ ಅಡ್ಡಕ್ಕೆ ಒಂದು ನೇರ ಪಟ್ಟಿ ಇಟ್ಟು ಅದರ ಮೇಲೆ ಇಡಿ.

ಕೊನೆಗೆ ಫಿನ್‌ನ ಬುಡ ಹಿಡಿದು ಪಕ್ಕಕ್ಕೆ ಅಲುಗಾಡಿಸಿ. ತುದಿ ಬಾಗಬೇಕು, ಬುಡ ಅಲುಗಬಾರದು. ಬುಡ ಅಲುಗಿದರೆ ಒಂದು ಬದಿಗೆ ವಾಲಿದಾಗ ಫಿನ್ ಒಂದು ಓರೆಯಲ್ಲೂ ಇನ್ನೊಂದು ಬದಿಗೆ ಇನ್ನೊಂದು ಓರೆಯಲ್ಲೂ ನಿಲ್ಲುತ್ತದೆ. ಹಳೆಯ ಪ್ಲಾಸ್ಟಿಕ್ ಫೈಲಿನ ರಟ್ಟಿನಿಂದ ಬುಡದ ಉದ್ದಕ್ಕೆ ಒಂದು ಪಟ್ಟಿ ಕತ್ತರಿಸಿ ಸಂದಿಗೆ ತುರುಕಿ, ಎರಡೂ ಬದಿಗೆ ಒಂದೇ ದಪ್ಪ. ಕಾಗದದ ರಟ್ಟು ಬೇಡ, ನೀರು ಕುಡಿದು ಉಬ್ಬಿ ಬಾಕ್ಸ್ ಸೀಳುತ್ತದೆ. ಸಮುದ್ರದಿಂದ ಬಂದ ಮೇಲೆ ಸ್ಕ್ರೂ ಬಿಚ್ಚಿ ಸಿಹಿನೀರಿನಲ್ಲಿ ತೊಳೆದು ಬಾಕ್ಸ್‌ನೊಳಗಿನ ಮರಳು ತೆಗೆಯುವುದನ್ನೂ ಮರೆಯಬೇಡಿ. ಪ್ಲೇಟ್ ಸರಿಯದೆ ನಿಂತುಬಿಟ್ಟರೆ ಮುಂದಿನ ಸಲ ಅರ್ಧ ಇಂಚು ಸರಿಸಲಾಗದು.